ಹರಿದ ಬೂಟು, ಸವೆಯುವ ಕೀಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲಿ ಓಡಾಡುವ ಪಿಕಪ್, ಟಾಟಾ ಏಸ್, ಜೀಪು, ಟ್ರ್ಯಾಕ್ಸ್‌ಗಳ ನಂಬರ್ ಪ್ಲೇಟಿನ ಮೇಲೆ ಹೆಚ್ಚಾಗಿ ಕಾಣುವುದು ಕೆಎ 45, ಹುಣಸೂರು ಸಾರಿಗೆ ಕಚೇರಿಯ ಗುರುತು. ಈ ಗಾಡಿಗಳಿಗೆ ಬಿಡುವಿನ ತಿಂಗಳು ಎಂಬುದು ಕಡಿಮೆ. ಮುಂಗಾರಿನ ಹದಕ್ಕೆ ಹೊಗೆಸೊಪ್ಪಿನ ಸಸಿ, ಗೊಬ್ಬರ ಹೊರುತ್ತವೆ. ಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನುಗಳಿಗೆ ಸೌದೆ ಮುಟ್ಟಿಸುತ್ತವೆ. ಹರಾಜು ಶುರುವಾದರೆ ಬೇಲುಗಳನ್ನು ಮಾರುಕಟ್ಟೆಗೆ ಒಯ್ಯುತ್ತವೆ. ಕೋಟೆಯ ಕಡೆ ಶುಂಠಿ, ಹತ್ತಿ, ಬಾಳೆ, ಕೆ.ಆರ್. ನಗರದ ಕಡೆ ಭತ್ತ, ಕಬ್ಬು. ಇಷ್ಟು ಹೊರೆ ಹೊರುವ ಗಾಡಿಯ ಎಂಜಿನ್ ಆಯಿಲ್ ಬಗ್ಗೆ, ಟೈರಿನ ಬಗ್ಗೆ, ಪಾಟಾ ಕಟ್ಟಿನ ಬಗ್ಗೆ ಮಾಲೀಕರಿಗೆ ಕಾಳಜಿ ಇದ್ದೇ ಇದೆ. ಯಾರ ಕಣ್ಣಿಗೂ ಬೀಳದೆ ಉಳಿಯುವುದು ಮುಂದಿನ ಚಕ್ರದ ಒಳಮೈಯಲ್ಲಿ, ಸ್ಟಿಯರಿಂಗ್ ಕೀಲಿಗೆ ತೊಡಿಸಿರುವ ನಿಂಬೆಹಣ್ಣಿನ ಗಾತ್ರದ ಒಂದು ರಬ್ಬರ್ ತೊಡಪು. ಗ್ಯಾರೇಜಿನಲ್ಲಿ ಕೆಲವರು ಇದನ್ನು ಬೂಟು ಎನ್ನುತ್ತಾರೆ, ಕೆಲವರು ಡಸ್ಟ್ ಕವರ್ ಎನ್ನುತ್ತಾರೆ. ಇದರ ಬೆಲೆ ಒಂದೆರಡು ಲೀಟರ್ ಡೀಸೆಲ್ಲಿನ ಬೆಲೆಯ ಆಸುಪಾಸು. ಈ ಬೂಟು ಬಿರುಕು ಬಿಟ್ಟಾಗಲೇ, ಹೆಚ್ಚೆಂದರೆ ಹರಿದ ಕೂಡಲೇ, ಬದಲಿಸಬೇಕು. ಹರಿದು ಮಳೆ, ದೂಳು ಕುಡಿದ ಮೇಲೆ ಬರೀ ಬೂಟು ಬದಲಿಸಿದರೆ ಪ್ರಯೋಜನವಿಲ್ಲ, ಕೀಲನ್ನೇ ಬದಲಿಸಬೇಕು ಎಂಬುದು ಈ ಬರಹದ ವಾದ. ಈ ಎರಡು ಹಂತಗಳ ನಡುವಿನ ಗೆರೆ ಎಲ್ಲಿದೆ ಎಂದು ತಿಳಿಯದಿರುವುದರಿಂದಲೇ ಹಣವೂ ಹೋಗುತ್ತದೆ, ಕೆಲವೊಮ್ಮೆ ಜೀವವೂ ಹೋಗುತ್ತದೆ.

ಕೀಲು ಎಂಬ ಮಾತು ಇಲ್ಲಿ ಅಲಂಕಾರಕ್ಕೆ ಬಂದದ್ದಲ್ಲ. ನಮ್ಮ ಸೊಂಟದಲ್ಲಿ ತೊಡೆಮೂಳೆಯ ಗುಂಡನೆಯ ತಲೆ ಒಂದು ಗುಳಿಯಲ್ಲಿ ಕೂತು ಎಲ್ಲ ದಿಕ್ಕಿಗೂ ಹೊರಳುತ್ತದಲ್ಲ, ಬಾಲ್ ಜಾಯಿಂಟ್ ಕೂಡ ಹಾಗೆಯೇ. ತುದಿಯಲ್ಲಿ ಉಕ್ಕಿನ ಗುಂಡಿರುವ ಒಂದು ಮೊಳೆ, ಆ ಗುಂಡು ಕೂರಲು ಒಂದು ಗೂಡು, ಗೂಡಿನೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಹಾಸು, ಸುತ್ತ ಗ್ರೀಸು. ಚಾಲಕ ಸ್ಟಿಯರಿಂಗ್ ತಿರುಗಿಸಿದಾಗ ಆ ಚಲನೆ ಟೈ ರಾಡ್ ಎಂಬ ಸರಳಿನ ಮೂಲಕ ಚಕ್ರಕ್ಕೆ ಮುಟ್ಟಬೇಕು. ಅದೇ ಹೊತ್ತಿಗೆ ಚಕ್ರ ಗುಂಡಿಗೆ ಇಳಿದು ಏಳುತ್ತಲೂ ಇರುತ್ತದೆ. ಎರಡೂ ಚಲನೆ ಒಟ್ಟಿಗೆ ನಡೆಯಲು ಸರಳಿನ ತುದಿಯಲ್ಲಿ ಎಲ್ಲ ಕಡೆ ಬಾಗುವ ಕೀಲೇ ಬೇಕು. ಮೇಸ್ತ್ರಿಗಳು ಟೈ ರಾಡ್ ಎಂಡ್ ಎನ್ನುವುದು ಇದನ್ನೇ. ಕೆಲವು ಗಾಡಿಗಳಲ್ಲಿ ಚಕ್ರವನ್ನು ಹಿಡಿದಿರುವ ತೋಳುಗಳ ತುದಿಯಲ್ಲೂ ಇಂಥವೇ ದೊಡ್ಡ ಕೀಲುಗಳಿವೆ. ರ‍್ಯಾಕ್ ಸ್ಟಿಯರಿಂಗ್ ಇರುವ ಗಾಡಿಗಳಲ್ಲಿ ರ‍್ಯಾಕಿನ ಎರಡೂ ತುದಿಗೆ ತಿದಿಯಂತೆ ಮಡಿಕೆ ಮಡಿಕೆಯಾದ ಉದ್ದನೆಯ ಬೂಟು ಇರುತ್ತದೆ. ಗಾಡಿ ಯಾವುದೇ ಇರಲಿ, ಗುಂಡು ಮತ್ತು ಗೂಡಿನ ನಡುವೆ ಇರುವ ಅಂತರ ಕೂದಲೆಳೆಯಷ್ಟೂ ಇಲ್ಲ. ಆ ಸಂದಿಯಲ್ಲಿ ಇರಬೇಕಾದ್ದು ಗ್ರೀಸಿನ ತೆಳುಪದರ ಮಾತ್ರ. ಅಲ್ಲಿಗೆ ಬೇರೇನೂ ಹೋಗದಂತೆ ತಡೆದು, ಗ್ರೀಸು ಹೊರಗೆ ಹೋಗದಂತೆ ಹಿಡಿದಿಡುವುದು ಬೂಟಿನ ಕೆಲಸ. ಇಂದಿನ ಹೆಚ್ಚಿನ ಕೀಲುಗಳಿಗೆ ಕಾರ್ಖಾನೆಯಲ್ಲೇ ಗ್ರೀಸು ತುಂಬಿ ಮುಚ್ಚಿರುತ್ತಾರೆ. ಹೊಸ ಗ್ರೀಸು ಹೊಡೆಯಲು ನಿಪ್ಪಲ್ಲೇ ಇರುವುದಿಲ್ಲ. ಹಾಗಾಗಿ ಇಂಥ ಕೀಲಿನ ಆಯಸ್ಸು ಅದರ ಬೂಟಿನ ಆಯಸ್ಸಿಗೆ ಕಟ್ಟುಬಿದ್ದಿದೆ.

ಬೂಟು ಯಾಕೆ ಹರಿಯುತ್ತದೆ? ಹಳೆಯದಾಯಿತು, ಹರಿಯಿತು ಎಂದು ಹೇಳಿ ಬಿಡುವುದು ಸುಲಭ. ಆದರೆ ಕಾರಣಗಳನ್ನು ಬಿಡಿಸಿ ನೋಡಿದರೆ ಅರ್ಧದಷ್ಟು ನಮ್ಮ ಕೈಯಲ್ಲೇ ಇವೆ. ಸಹಜ ರಬ್ಬರಿಗೆ ಎರಡು ದೊಡ್ಡ ಶತ್ರುಗಳು. ಒಂದು ಗಾಳಿಯಲ್ಲಿ ಬಹಳ ಅಲ್ಪ ಪ್ರಮಾಣದಲ್ಲಿರುವ ಓಝೋನ್, ಇನ್ನೊಂದು ಪೆಟ್ರೋಲಿಯಂ ಎಣ್ಣೆ. ಎಳೆತಕ್ಕೆ ಸಿಕ್ಕ ರಬ್ಬರನ್ನು ಓಝೋನ್ ಅಡ್ಡಡ್ಡ ಸೀಳುತ್ತದೆ. ಬೂಟಿನ ಮಡಿಕೆಗಳಲ್ಲಿ ಮೊದಲು ಕಾಣುವ ಸಣ್ಣ ಗೀರುಗಳ ಮೂಲ ಹಲವು ಬಾರಿ ಇದೇ. ಡೀಸೆಲ್, ಆಯಿಲ್ ತಾಗಿದರೆ ರಬ್ಬರು ಊದಿಕೊಂಡು ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. 1930ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ನಿಯೋಪ್ರೀನ್ ಎಂಬ ಕೃತಕ ರಬ್ಬರು ಎರಡನ್ನೂ ಸಹಜ ರಬ್ಬರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅದಕ್ಕೇ ಒಳ್ಳೆಯ ಬೂಟುಗಳನ್ನು ಅದರಿಂದಲೋ ಅದಕ್ಕಿಂತ ಈಚಿನ ಕೃತಕ ವಸ್ತುಗಳಿಂದಲೋ ಮಾಡುತ್ತಾರೆ. ಆದರೆ ನಿಯೋಪ್ರೀನ್ ಕೂಡ ಅಮರವಲ್ಲ. ವಾಟರ್ ಸರ್ವಿಸಿಗೆ ಬಿಟ್ಟ ಗಾಡಿಯ ತಳಕ್ಕೆ ತುಕ್ಕು ಹಿಡಿಯದಿರಲಿ ಎಂದು ಹಳೆಯ ಆಯಿಲನ್ನೋ ಡೀಸೆಲ್ಲನ್ನೋ ಸಿಂಪಡಿಸುವ ರೂಢಿ ನಮ್ಮಲ್ಲಿದೆ. ಛಾಸಿಗೆ ಅದರಿಂದ ಲಾಭವಿರಬಹುದು, ಅದೇ ಎಣ್ಣೆಯಲ್ಲಿ ನೆನೆಯುವ ಬೂಟಿಗೆ ಮಾತ್ರ ನಷ್ಟವೇ. ಹಾಗೆಯೇ ಜೋರು ನೀರಿನ ಪೈಪನ್ನು ತೀರಾ ಹತ್ತಿರದಿಂದ ಬೂಟಿನ ಬಾಯಿಗೇ ಹಿಡಿದರೆ, ರಬ್ಬರು ಗಟ್ಟಿಯಿದ್ದರೂ ಅಂಚಿನ ಸಂದಿಯಿಂದ ನೀರು ಒಳಗೆ ನುಗ್ಗುತ್ತದೆ. ತೊಳೆಯುವವರಿಗೆ ಈ ಎರಡು ಮಾತು ಹೇಳಲು ಖರ್ಚೇನೂ ಇಲ್ಲ.

ಈ ನಾಲ್ಕು ತಾಲ್ಲೂಕುಗಳ ನೆಲದ ಗುಣ ಇದಕ್ಕೆ ಸೇರಿಕೊಳ್ಳುತ್ತದೆ. ಇಲ್ಲಿನ ಬಹುಪಾಲು ಕೆಂಪು ಮಣ್ಣು ಗ್ರಾನೈಟ್ ಮತ್ತು ನೈಸ್ ಶಿಲೆಗಳು ಕಾಲಾಂತರದಲ್ಲಿ ಶಿಥಿಲಗೊಂಡು ಆದದ್ದು. ಅಂಥ ಮಣ್ಣಿನಲ್ಲಿ ಸ್ಫಟಿಕದ ಕಣಗಳು ಧಾರಾಳ, ಸ್ಫಟಿಕವೋ ಮಾಮೂಲಿ ಉಕ್ಕಿಗಿಂತ ಗಟ್ಟಿ. ಬೇಸಿಗೆಯಲ್ಲಿ ಗಾವಡಗೆರೆಯ ಕಡೆಗೋ ಬೆಟ್ಟದಪುರದ ಕಡೆಗೋ ಹೊಲದ ದಾರಿಯಲ್ಲಿ ಗಾಡಿಯ ಹಿಂದೆ ಏಳುವ ಕೆಂದೂಳಿನಲ್ಲಿ ಇರುವುದು ಇದೇ. ಮಳೆಗಾಲದಲ್ಲಿ ಅದೇ ದೂಳು ಕೆಸರಾಗಿ ತಳಕ್ಕೆ ಮೆತ್ತಿಕೊಂಡು, ಒಣಗಿ ಹೆಕ್ಕಳಿಕೆಗಟ್ಟಿ, ಸ್ಟಿಯರಿಂಗ್ ತಿರುಗಿದಾಗಲೆಲ್ಲ ಬೂಟಿನ ಮಡಿಕೆಯನ್ನು ಉಜ್ಜುತ್ತದೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಭತ್ತದ ನಾಟಿಯ ಹೊತ್ತಿಗೆ ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ರಸ್ತೆಗೆ ತಂದು ಸುರಿಯುತ್ತವೆ. ಏರಿಯ ಮೇಲಿನ ದಾರಿಗಳಲ್ಲಿ ಪಿಕಪ್ಪುಗಳು ಆ ಕೆಸರಿನಲ್ಲೇ ಹಾಯಬೇಕು. ಕೋಟೆಯ ಅಂತರಸಂತೆಯಿಂದಾಚೆ, ಹುಣಸೂರಿನ ಹನಗೋಡಿನಿಂದಾಚೆ ಕಾಡಂಚಿನ ದಾರಿಗಳಲ್ಲಿ ಮುಳ್ಳು, ಕಡ್ಡಿ, ಚೂಪುಗಲ್ಲು. ಇವೆಲ್ಲಕ್ಕಿಂತ ಹೆಚ್ಚು ಹೇಳಬೇಕಾದ್ದು ಸುಗ್ಗಿಯ ಬಗ್ಗೆ. ರಾಗಿ, ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಓಡುವ ಗಾಡಿಗಳಿಂದಲೇ ತುಳಿಸಿ ಒಕ್ಕಣೆ ಮಾಡುವುದು ಈ ಸೀಮೆಯಲ್ಲಿ ಇನ್ನೂ ನಿಂತಿಲ್ಲ. ಕಣ ಮಾಡಲು ಜಾಗವೂ ಆಳೂ ಸಿಗದ ರೈತನ ಕಷ್ಟ ಅದರ ಹಿಂದಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಆ ಹುಲ್ಲು ಗಾಡಿಯ ಅಡಿಯಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಂಡು ಹಗ್ಗದಂತೆ ಬಿಗಿಯಾಗುತ್ತದೆ. ಎಕ್ಸೆಲ್ಲಿನ ಬೂಟು, ಟೈ ರಾಡಿನ ಬೂಟು, ಬ್ರೇಕಿನ ಪೈಪು ಎಲ್ಲಕ್ಕೂ ಅದು ಅಪಾಯ. ಹುಲ್ಲಿನ ಮೇಲೆ ಹಾಯ್ದ ದಿನ ಸಂಜೆ ತಳಕ್ಕೆ ಒಮ್ಮೆ ಕಣ್ಣು ಹಾಯಿಸಿ ಸಿಕ್ಕಿದ್ದನ್ನು ಕುಡುಗೋಲಿನಿಂದ ಎಳೆಯದೆ, ಕೈಯಲ್ಲಿ ಬಿಡಿಸಿ ತೆಗೆಯುವುದು ಒಳ್ಳೆಯದು. ಕುಡುಗೋಲಿಗೆ ಹುಲ್ಲು ಯಾವುದು ರಬ್ಬರು ಯಾವುದು ಗೊತ್ತಾಗುವುದಿಲ್ಲ.

ಬೂಟು ಹರಿದ ಮೇಲೆ ನಡೆಯುವುದು ಒಂದು ಕ್ರಮದಲ್ಲಿ ನಡೆಯುತ್ತದೆ. ಮೊದಲು ಗ್ರೀಸು ಹೊರಗೆ ಒಸರುತ್ತದೆ. ಒಸರಿದ ಗ್ರೀಸಿಗೆ ದೂಳು ಅಂಟಿ, ಬೂಟಿನ ಬುಡದಲ್ಲಿ ಕಪ್ಪು ಕೆಸರಿನಂಥ ಉಂಗುರ ಮೂಡುತ್ತದೆ. ಹೊರಗಿನಿಂದ ಕಾಣುವ ಮೊದಲ ಗುರುತು ಇದೇ. ನಂತರ ನೀರು ಮತ್ತು ಸ್ಫಟಿಕದ ಕಣ ಒಳಗೆ ಸೇರಿ, ಉಳಿದ ಗ್ರೀಸಿನೊಂದಿಗೆ ಕಲೆತು, ಸಾಣೆ ಹಿಡಿಯುವ ಪೇಸ್ಟಿನಂತೆ ಆಗುತ್ತದೆ. ಅಂದರೆ ಸವೆತ ತಡೆಯಲು ಹಾಕಿದ ಗ್ರೀಸೇ ಈಗ ಸವೆಸುವ ಕೆಲಸಕ್ಕೆ ನಿಲ್ಲುತ್ತದೆ. ನುಣುಪಾಗಿ ಹೊಳೆಯುತ್ತಿದ್ದ ಗುಂಡಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತದೆ, ಆ ಚುಕ್ಕೆ ಒಳಗಿನ ಪ್ಲಾಸ್ಟಿಕ್ ಹಾಸನ್ನು ತುರಿಯುತ್ತದೆ, ಗೂಡು ಸಡಿಲವಾಗುತ್ತದೆ. ಆಗ ಚಾಲಕನಿಗೆ ಸ್ಟಿಯರಿಂಗಿನಲ್ಲಿ ಪ್ಲೇ ಬಂದಿದೆ ಅನ್ನಿಸುತ್ತದೆ. ಗುಂಡಿಗೆ ಇಳಿದಾಗ ಮುಂದೆ ಟಕ್ ಎಂಬ ಸದ್ದು, ನೇರ ರಸ್ತೆಯಲ್ಲೂ ಆಗಾಗ ತಿದ್ದಬೇಕಾದ ಸ್ಟಿಯರಿಂಗು, ಒಂದೇ ಅಂಚಿನಲ್ಲಿ ಗರಗಸ ಹಲ್ಲಿನಂತೆ ಸವೆಯುವ ಟೈರು ಕಾಣಿಸಿಕೊಳ್ಳುತ್ತವೆ. ಕೀಲಿನ ಬೆಲೆಗಿಂತ ಹಲವು ಪಟ್ಟು ಬೆಲೆಯ ಮುಂದಿನ ಟೈರುಗಳು ಈ ಹಂತದಲ್ಲೇ ಹಾಳಾಗಿರುತ್ತವೆ. ಇದಕ್ಕೂ ಮುಂದೆ ಬಿಟ್ಟರೆ ಒಂದು ದಿನ ಗುಂಡು ಗೂಡಿನಿಂದ ಕಳಚಿಕೊಳ್ಳುತ್ತದೆ. ಸ್ಟಿಯರಿಂಗ್ ಚಾಲಕನ ಕೈಯಲ್ಲಿರುತ್ತದೆ, ಆ ಕಡೆಯ ಚಕ್ರ ಮಾತ್ರ ತನಗೆ ಬೇಕಾದ ಕಡೆ ಹೊರಳುತ್ತದೆ. ನಿಂತ ಗಾಡಿಯಲ್ಲಿ ಇದು ಬರೀ ಕೆಟ್ಟುಹೋದ ಗಾಡಿ. ಹೊರೆ ಹೇರಿಕೊಂಡು ಮೈಸೂರು–ಬಂಟ್ವಾಳ ಹೆದ್ದಾರಿಯಲ್ಲಿ ಎದುರು ಬಸ್ಸು ಬರುತ್ತಿರುವಾಗ ಆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಪಾಯ ಮಾಲೀಕನೊಬ್ಬನದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಕೊಡಗಿನ ಕಾಫಿ ತೋಟಗಳ ಕೆಲಸಕ್ಕೆ ಹುಣಸೂರು, ಕೋಟೆ, ಪಿರಿಯಾಪಟ್ಟಣದ ಹಾಡಿಗಳಿಂದ, ಊರುಗಳಿಂದ ಬೆಳಗಿನ ಜಾವವೇ ಜೀಪು, ಪಿಕಪ್ಪುಗಳಲ್ಲಿ ಕೂಲಿಕಾರರು ಹೊರಡುತ್ತಾರೆ. ಹೆಂಗಸರೇ ಹೆಚ್ಚು. ಸರಕು ಗಾಡಿಯಲ್ಲಿ ಜನ ತುಂಬುವುದು ಸರಿಯಲ್ಲ ಎಂಬುದು ಬೇರೆಯೇ ಮಾತು, ಮುಖ್ಯವಾದ ಮಾತೂ ಹೌದು. ಆದರೆ ಜನ ಹತ್ತಲು ಪರವಾನಗಿ ಇರುವ ಗಾಡಿಯಲ್ಲೂ ಹಿಂದೆ ಕೂತವರಿಗೆ ಮುಂದಿನ ಚಕ್ರದ ಒಳಮೈಯನ್ನು ಬಗ್ಗಿ ನೋಡುವ ಅವಕಾಶ ಇಲ್ಲ. ಎಂಜಿನ್ ಹೊಗೆ ಕಾರಿದರೆ ಕಾಣುತ್ತದೆ, ಟೈರು ಬೋಳಾದರೆ ಕಾಣುತ್ತದೆ, ಬ್ರೇಕು ಕೀರಲಿದರೆ ಕೇಳುತ್ತದೆ. ಹರಿದ ಬೂಟು ಮಾತ್ರ ಬಗ್ಗಿ ನೋಡಿದವನಿಗಷ್ಟೇ ಕಾಣುತ್ತದೆ. ಆ ನೋಡುವ ಹೊಣೆ ಗಾಡಿಯ ಒಡೆಯನದು ಮತ್ತು ಚಾಲಕನದು, ಬೇರೆ ಯಾರಿಗೂ ಅದನ್ನು ದಾಟಿಸಲಾಗದು.

ಈಗ ಆ ಗೆರೆಯ ಮಾತಿಗೆ ಬರುತ್ತೇನೆ. ಬೂಟು ಬಿರುಕು ಬಿಟ್ಟಿದೆ, ಆದರೆ ಗ್ರೀಸು ಹೊರಬಂದಿಲ್ಲ. ಅಥವಾ ಇತ್ತೀಚೆಗೆ ಹರಿದಿದೆ, ಒಳಗಿನ ಗ್ರೀಸು ಇನ್ನೂ ತನ್ನ ಬಣ್ಣದಲ್ಲೇ ಇದೆ, ಬೆರಳಿಗೆ ಹಚ್ಚಿ ಉಜ್ಜಿದರೆ ಮರಳಿನ ಗರಗರ ಇಲ್ಲ, ಗುಂಡು ಬೆಳ್ಳಗೆ ನುಣುಪಾಗಿದೆ, ಕೀಲಿನಲ್ಲಿ ಪ್ಲೇ ಇಲ್ಲ. ಇಂಥಲ್ಲಿ ಬರೀ ಬೂಟು ಬದಲಿಸಿ, ಹೊಸ ಗ್ರೀಸು ತುಂಬಿದರೆ ಸಾಕು. ಕೀಲು ಇನ್ನೂ ಬಹುಕಾಲ ಬಾಳುತ್ತದೆ. ಗ್ರೀಸು ಕಂದು ಬಣ್ಣಕ್ಕೆ ತಿರುಗಿದ್ದರೆ, ನೀರು ಕಂಡರೆ, ಗುಂಡಿನ ಮೇಲೆ ತುಕ್ಕಿನ ಚುಕ್ಕೆ ಇದ್ದರೆ, ಸಡಿಲವಿದ್ದರೆ ಬೂಟಿನ ಮಾತು ಮುಗಿಯಿತು, ಕೀಲನ್ನೇ ಬದಲಿಸಬೇಕು. ಸಡಿಲ ತಿಳಿಯಲು ದೊಡ್ಡ ಯಂತ್ರ ಬೇಡ. ಗಾಡಿ ನೆಲದ ಮೇಲೆ ನಿಂತಿರಲಿ, ಒಬ್ಬರು ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲುಗಾಡಿಸುತ್ತಿರಲಿ. ಇನ್ನೊಬ್ಬರು ಪ್ರತಿ ಕೀಲಿನ ಮೇಲೂ ಬೆರಳಿಟ್ಟು ನೋಡಲಿ. ಸರಳು ಅಲುಗಿದ ಮೇಲೆ ತಡವಾಗಿ ಚಕ್ರದ ತೋಳು ಅಲುಗಿದರೆ ಆ ಕೀಲು ಸವೆದಿದೆ. ಜಾಕ್ ಕೊಟ್ಟು ಚಕ್ರ ಎತ್ತಿದಾಗ, ಟೈರನ್ನು ಗಡಿಯಾರದ ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ ಸಡಿಲ ಸಿಕ್ಕರೆ ಸ್ಟಿಯರಿಂಗ್ ಕೀಲುಗಳ ಮೇಲೆ ಅನುಮಾನ. ಹನ್ನೆರಡು ಮತ್ತು ಆರರ ಜಾಗದಲ್ಲಿ ಸಿಕ್ಕರೆ ಚಕ್ರದ ಬೇರಿಂಗ್, ಕಿಂಗ್ ಪಿನ್ ಅಥವಾ ತೋಳಿನ ಕೀಲುಗಳ ಮೇಲೆ ಅನುಮಾನ.

ಬೂಟು ಹರಿದರೇನು, ಆಗಾಗ ಮೇಲಿನಿಂದ ಗ್ರೀಸು ಮೆತ್ತುತ್ತಿದ್ದರೆ ಆಯಿತು ಎಂಬುದು ಬಹಳ ಜನ ಹೇಳುವ ಮಾತು. ಇದಕ್ಕೊಂದು ಹಳೆಯ ಬೇರಿದೆ, ಅದನ್ನು ಗೌರವದಿಂದಲೇ ಪರಿಶೀಲಿಸಬೇಕು. ಎತ್ತಿನ ಗಾಡಿಯ ಕಾಲದಲ್ಲಿ ಕೀಲೆಣ್ಣೆ ಇತ್ತು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಗೊಟ್ಟದಲ್ಲಿ ತುಂಬಿ, ಗಾಡಿಗೇ ನೇತು ಹಾಕಿಕೊಂಡು, ಪ್ರಯಾಣಕ್ಕೆ ಮುಂಚೆ ಗುಂಭಕ್ಕೂ ಅಚ್ಚಿಗೂ ಸವರುತ್ತಿದ್ದರು. ಗಾಡಿಯ ವಿಷಯದಲ್ಲಿ ಹುಣಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸೈನ್ಯಕ್ಕೆ ಗಾಡಿ, ಚರ್ಮದ ಸಾಮಾನು, ಕಂಬಳಿ ಒದಗಿಸುವ ಸರ್ಕಾರಿ ಕಾರ್ಖಾನೆ 1864ರವರೆಗೆ ಅಲ್ಲಿತ್ತು, ಅದು ಮುಚ್ಚಿದ ಮೇಲೂ ಆ ಕಸುಬು ಊರಿನಲ್ಲಿ ಉಳಿಯಿತು. ಹಾಗಿರುವಾಗ ಕೀಲೆಣ್ಣೆಯ ವಿವೇಕವನ್ನು ತಳ್ಳಿಹಾಕುವುದು ಹೇಗೆ? ತಳ್ಳಿಹಾಕಬೇಕಿಲ್ಲ, ಅದು ಯಾಕೆ ಫಲಿಸುತ್ತಿತ್ತು ಎಂದು ನೋಡಿದರೆ ಸಾಕು. ಗಾಡಿಯ ಅಚ್ಚು ಬಯಲಿಗೆ ತೆರೆದೇ ಇತ್ತು, ಅದರ ಸಂದಿ ದೊಡ್ಡದು, ವೇಗ ಎತ್ತಿನ ನಡಿಗೆಯಷ್ಟು. ಕೊಳೆಯಾದ ಎಣ್ಣೆ ಹೊರಗೆ ಬರುತ್ತಿತ್ತು, ಹೊಸದು ಒಳಗೆ ಹೋಗುತ್ತಿತ್ತು, ಅದೂ ಪ್ರತಿ ಪ್ರಯಾಣಕ್ಕೆ. ಮುಚ್ಚಿದ ಬಾಲ್ ಜಾಯಿಂಟಿನಲ್ಲಿ ಹೊಸ ಗ್ರೀಸು ಗುಂಡಿನ ಸಂದಿಗೆ ತಲುಪುವ ದಾರಿಯೇ ಇಲ್ಲ. ಹರಿದ ಬೂಟಿನ ಮೇಲೆ ಮೆತ್ತಿದ ಗ್ರೀಸು ಹೊರಗೇ ನಿಂತು, ದಾರಿಯ ದೂಳನ್ನೆಲ್ಲ ಅಂಟಿಸಿಕೊಂಡು, ತೂತಿನ ಬಾಯಿಗೆ ತಂದುಕೊಡುತ್ತದೆ. ನಿಪ್ಪಲ್ ಇರುವ ಹಳೆಯ ಬಗೆಯ ಕೀಲುಗಳಿಗೆ ಮಾತ್ರ ಈ ಮಾತು ಪೂರ್ತಿ ಅನ್ವಯಿಸದು. ಅಲ್ಲಿ ಗನ್ನಿನಿಂದ ಹೊಡೆದ ಗ್ರೀಸು ಒಳಗಿನ ಕೊಳೆಯನ್ನು ಹೊರದಬ್ಬುತ್ತದೆ, ಕೀಲೆಣ್ಣೆಯ ತತ್ವ ಅಲ್ಲಿ ಇನ್ನೂ ಜೀವಂತ. ಅಲ್ಲೂ ಬೂಟು ಬಲೂನಿನಂತೆ ಉಬ್ಬುವವರೆಗೆ ಹೊಡೆದರೆ ಅದು ಒಡೆಯುತ್ತದೆ. ಅಂಚಿನಲ್ಲಿ ಹಳೆಯ ಗ್ರೀಸು ಇಣುಕಿದ ಕೂಡಲೇ ನಿಲ್ಲಿಸಬೇಕು. ಇನ್ನು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ತಂತಿ ಬಿಗಿಯುವ ಉಪಾಯ ಗ್ಯಾರೇಜಿನವರೆಗೆ ಹೋಗಿ ಮುಟ್ಟಲು ಆದೀತು, ಒಂದು ಮಳೆಗಾಲ ಕಳೆಯಲು ಆಗದು.

ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟು) ಆಗಿದೆಯಲ್ಲ, ಇನ್ಸ್‌ಪೆಕ್ಟರೇ ನೋಡಿ ಪಾಸು ಮಾಡಿದ್ದಾರೆ ಎಂಬ ಸಮಾಧಾನವೂ ಸಾಮಾನ್ಯ. ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಓದುವುದು ಒಳ್ಳೆಯದು, ಏಕೆಂದರೆ ಅದು ಬಹಳ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಸ್ಟಿಯರಿಂಗಿಗೆ ಮೀಸಲು. ಸ್ಟಿಯರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಪ್ಲೇ ಇರಕೂಡದು, ಸ್ಟಿಯರಿಂಗ್ ಜೋಡಣೆಯ ಎಲ್ಲ ಬಾಲ್ ಜಾಯಿಂಟುಗಳಿಗೂ ರಬ್ಬರ್ ಟೋಪಿಯ ರಕ್ಷಣೆ ಇರಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು ಎಂಬುದು ಅದರ ಸಾರ. ಅಂದರೆ ಬೂಟು ಗ್ಯಾರೇಜಿನವರು ದುಡ್ಡು ಮಾಡಲು ಹೇಳುವ ಸಾಮಾನಲ್ಲ. ಅದಿಲ್ಲದ ಗಾಡಿ ಕಾನೂನಿನ ಪ್ರಕಾರವೇ ರಸ್ತೆಗೆ ತಕ್ಕದ್ದಲ್ಲ. ಗಡಿಯಾರದಲ್ಲಿ ಹನ್ನೆರಡರಿಂದ ಒಂದಕ್ಕೆ ಇರುವ ಅಂತರ 30 ಡಿಗ್ರಿ. 38 ಸೆಂಟಿಮೀಟರ್ ಅಗಲದ ಸ್ಟಿಯರಿಂಗಿನ ಅಂಚಿನಲ್ಲಿ ಅದು ಸುಮಾರು 10 ಸೆಂಟಿಮೀಟರ್. ಅಷ್ಟು ಪ್ಲೇ ಬರುವವರೆಗೆ ಕಾಯುವುದು ಕಾನೂನಿನ ಕಟ್ಟಕಡೆಯ ಎಲ್ಲೆಯವರೆಗೆ ಹೋಗಿ ನಿಂತಂತೆ. ಇನ್ನು ಎಫ್‌ಸಿಯ ಅವಧಿ ನೋಡಿ. ಬಾಡಿಗೆಗೆ ಓಡುವ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ತಪಾಸಣೆ. ಎಂಟು ವರ್ಷದೊಳಗಿನ ಗಾಡಿಗೆ ಎರಡು ತಪಾಸಣೆಗಳ ನಡುವೆ ಎರಡು ಮಳೆಗಾಲ, ಎರಡು ಸುಗ್ಗಿ ಹಾಯುತ್ತವೆ. ಬೂಟು ಹರಿಯಲು ಒಂದು ಮುಳ್ಳುಗಡ್ಡಿ ಸಾಕು. 1988ರ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಕೂಡ ಗಮನಿಸತಕ್ಕದ್ದು. ಅಪಾಯಕಾರಿ ದೋಷ ತಿಳಿದಿದ್ದರೆ ಮಾತ್ರವಲ್ಲ, ಸಾಧಾರಣ ಎಚ್ಚರಿಕೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದೋಷವಿದ್ದೂ ಗಾಡಿ ಓಡಿಸಿದರೆ ಅದು ಅಪರಾಧ. ಗೊತ್ತಿರಲಿಲ್ಲ ಎಂಬುದು ಅಲ್ಲಿ ಉತ್ತರವಾಗದು.

ಇದಕ್ಕಿಂತ ತೂಕವಾದ ಇನ್ನೊಂದು ಆಕ್ಷೇಪವಿದೆ. ಟೈ ರಾಡ್ ಎಂಡ್ ಪೂರ್ತಿ ಹೊಸದು ತಂದರೂ ಭಾರೀ ಬೆಲೆಯೇನಲ್ಲ, ಬಿಚ್ಚಿ ಹಾಕುವ ಕೂಲಿ ಎರಡಕ್ಕೂ ಒಂದೇ; ಹಾಗಿದ್ದ ಮೇಲೆ ಬೂಟಿಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು, ಕೀಲು ಸವೆದಾಗ ಬದಲಿಸೋಣ ಎನ್ನುತ್ತಾರೆ ಅನುಭವಸ್ಥ ಮೇಸ್ತ್ರಿಗಳು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೆಲವು ಗಾಡಿಗಳ ಕೀಲಿಗೆ ಬೂಟು ಬಿಡಿಯಾಗಿ ಸಿಗುವುದೇ ಇಲ್ಲ, ಕಂಪನಿಯವರು ಕೀಲಿನೊಂದಿಗೇ ಕೊಡುತ್ತಾರೆ. ಅಲ್ಲಿ ಗಾತ್ರ ಹೊಂದದ ಬೂಟನ್ನು ಹೇಗೋ ಎಳೆದು ಕೂರಿಸುವುದಕ್ಕಿಂತ ಕೀಲು ಬದಲಿಸುವುದೇ ಸರಿ. ಎರಡು ಲಕ್ಷ ಕಿಲೋಮೀಟರ್ ಓಡಿದ ಗಾಡಿಯ ಮೂಲ ಕೀಲಿಗೆ ಹೊಸ ಬೂಟು ಹಾಕುವುದರಲ್ಲೂ ಹೆಚ್ಚು ಅರ್ಥವಿಲ್ಲ. ಆದರೆ ಸವೆದಾಗ ಬದಲಿಸೋಣ ಎಂಬ ಮಾತಿನಲ್ಲಿ ಅಡಗಿರುವ ತಪ್ಪು ಬೇರೆ. ಸವೆತ ಯಾವ ದಿನ ಮಿತಿ ಮೀರಿತು ಎಂದು ಕೀಲು ಕೂಗಿ ಹೇಳುವುದಿಲ್ಲ. ಅಷ್ಟರಲ್ಲಿ ಟೈರು ಹೋಗಿರುತ್ತದೆ. ಜೊತೆಗೆ ಎಲ್ಲ ಕೀಲೂ ಅಗ್ಗವಲ್ಲ. ತೋಳುಗಳ ದೊಡ್ಡ ಬಾಲ್ ಜಾಯಿಂಟನ್ನು ಬಿಚ್ಚುವುದು ದೊಡ್ಡ ಕೆಲಸ, ಕೆಲವಲ್ಲಿ ತೋಳನ್ನೇ ಬದಲಿಸಬೇಕಾಗುತ್ತದೆ. ರ‍್ಯಾಕಿನ ಬೂಟು ಹರಿದು ನೀರು ಹೊಕ್ಕು ರ‍್ಯಾಕೇ ತುಕ್ಕು ಹಿಡಿದರಂತೂ ಬೂಟಿನ ಬೆಲೆಗೂ ರ‍್ಯಾಕಿನ ಬೆಲೆಗೂ ಹೋಲಿಕೆಯೇ ಇಲ್ಲ. ಇನ್ನೊಂದು ಸಣ್ಣ ಲೆಕ್ಕವೂ ಇದೆ. ಸರಳಿನ ಉದ್ದ ಮುಟ್ಟದೆ ಬೂಟೊಂದನ್ನೇ ಬದಲಿಸಿದರೆ ಚಕ್ರದ ಕೋನ ಬದಲಾಗುವುದಿಲ್ಲ, ಅಲೈನ್‌ಮೆಂಟಿನ ಖರ್ಚು ಉಳಿಯುತ್ತದೆ. ಟೈ ರಾಡ್ ಎಂಡ್ ಬದಲಿಸಿದರೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಹಳೆಯದು ಎಷ್ಟು ಸುತ್ತು ಬಿಚ್ಚಿತು ಎಂದು ಎಣಿಸಿ ಅಷ್ಟೇ ಸುತ್ತು ಹೊಸದನ್ನು ಹಾಕಿದ್ದರೂ ಸಹ.

ಕೆಲಸ ಮಾಡುವ ಬಗೆಯಲ್ಲಿ ನಾಲ್ಕು ಮಾತು ಹೇಳಲೇಬೇಕು, ಏಕೆಂದರೆ ಹೊಸ ಬೂಟು ಆರೇ ತಿಂಗಳಿಗೆ ಹರಿಯಿತು ಎಂಬ ದೂರಿನ ಮೂಲ ಹೆಚ್ಚಾಗಿ ಹಾಕುವ ಬಗೆಯಲ್ಲಿರುತ್ತದೆ. ಗಾಡಿಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿನ ಜೊತೆಗೆ ಸ್ಟ್ಯಾಂಡು ಇಡದೆ ಯಾರೂ ಕೆಳಗೆ ತೂರಬಾರದು. ಸ್ಪ್ಲಿಟ್ ಪಿನ್ ತೆಗೆದು ನಟ್ಟು ಬಿಚ್ಚಿದ ಮೇಲೆ ಕೀಲಿನ ಮೊಳೆಯನ್ನು ತೋಳಿನಿಂದ ಬಿಡಿಸಲು ಪುಲ್ಲರ್ ಬಳಸಬೇಕು. ಇಬ್ಬಾಯಿಯ ಕಬ್ಬಿಣದ ಫೋರ್ಕನ್ನು ಬಡಿದು ತೂರಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ಉಳಿಸಬೇಕಾದ ಬೂಟೇ ಅದಕ್ಕೆ ಮೊದಲ ಬಲಿ. ಮೊಳೆಯ ತಲೆಗೆ ನೇರವಾಗಿ ಸುತ್ತಿಗೆ ಹೊಡೆದರೆ ಥ್ರೆಡ್ಡು ಹಾಳು. ಹಳೆಯ ಗ್ರೀಸನ್ನು ಬಟ್ಟೆಯಿಂದ ಪೂರ್ತಿ ಒರೆಸಿ ತೆಗೆದು ನೋಡಿದ ಮೇಲೆಯೇ ಗೆರೆಯ ಈಚೆಯೋ ಆಚೆಯೋ ಎಂಬ ತೀರ್ಮಾನ. ಈಚೆ ಎಂದಾದರೆ ಒಳ್ಳೆಯ ಲಿಥಿಯಂ ಗ್ರೀಸು, ಬೂಟಿನ ಮುಕ್ಕಾಲು ಭಾಗದಷ್ಟು, ತುಂಬಿ ತುಳುಕುವಷ್ಟಲ್ಲ. ಬೂಟಿನ ಕೆಳ ಅಂಚು ತನ್ನ ಜಾಡಿನಲ್ಲಿ ಸರಿಯಾಗಿ ಕೂತು, ಉಂಗುರದ ತಂತಿ ಸುತ್ತಲೂ ಸಮವಾಗಿ ಬಿಗಿದಿರಬೇಕು. ತಿರುಚಿಕೊಂಡು ಕೂತ ಬೂಟು ಮೊದಲ ಸಲ ಪೂರ್ತಿ ಸ್ಟಿಯರಿಂಗ್ ತಿರುಗಿಸಿದಾಗಲೇ ಹರಿಯಲು ಶುರು. ಮೊಳೆಯ ಓರೆಯಾದ ಭಾಗಕ್ಕೂ ಅದು ಕೂರುವ ತೂತಿಗೂ ಗ್ರೀಸು ತಾಗಿರಬಾರದು, ಅವೆರಡೂ ಒಣಗಿದ್ದಾಗಲೇ ಒಂದನ್ನೊಂದು ಕಚ್ಚಿಕೊಳ್ಳುವುದು. ನಟ್ಟನ್ನು ಹೇಳಿದಷ್ಟು ಬಿಗಿದ ಮೇಲೆ ಪಿನ್ನಿನ ತೂತು ಹೊಂದದಿದ್ದರೆ ಇನ್ನಷ್ಟು ಮುಂದಕ್ಕೆ ಬಿಗಿದು ಹೊಂದಿಸಬೇಕು, ಹಿಂದಕ್ಕೆ ಸಡಿಲಿಸಿ ಅಲ್ಲ. ಪಿನ್ನು ಹೊಸದೇ ಆಗಿರಬೇಕು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು, ಅದರ ಜಾಗಕ್ಕೆ ಮೊಳೆ, ತಂತಿ ತುರುಕುವುದು ಈ ಇಡೀ ಕೆಲಸವನ್ನು ಮಣ್ಣುಪಾಲು ಮಾಡಿದಂತೆ. ರ‍್ಯಾಕಿನ ಉದ್ದ ಬೂಟಿಗೆ ಮಾತ್ರ ಬೇರೆ ನಿಯಮ. ಅದರೊಳಗೆ ಗಾಳಿ ಆಡಬೇಕು, ಹಾಗಾಗಿ ಗ್ರೀಸು ತುಂಬಿ ಇಡಬಾರದು. ಎರಡೂ ತುದಿಯ ಕ್ಲಿಪ್ಪುಗಳು ಬಿಗಿಯಾಗಿದ್ದರೆ ಸಾಕು. ಬಿಚ್ಚುವ ತೊಂದರೆ ಬೇಡವೆಂದು ಸೀಳಿದ ಬೂಟನ್ನು ಸುತ್ತಿ ಅಂಟು ಹಾಕುವ ಬಗೆಯೂ ಅಂಗಡಿಗಳಲ್ಲಿದೆ. ಈ ದೂಳಿನ ಸೀಮೆಗೆ ಅದನ್ನು ತಾತ್ಕಾಲಿಕ ಎಂದೇ ತಿಳಿಯುವುದು ಕ್ಷೇಮ.

ಹರಾಜಿನ ದಿನಗಳಲ್ಲಿ ಗಾಡಿಯನ್ನು ಒಂದು ದಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ಬಾಡಿಗೆ ತಪ್ಪುತ್ತದೆ, ಕಂತು ಕಟ್ಟುವವನ ಕಷ್ಟ ನಿಮಗೇನು ಗೊತ್ತು ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಉತ್ತರ ಇರುವುದು ಕ್ಯಾಲೆಂಡರಿನಲ್ಲಿ. ಮುಂಗಾರು ಹಿಡಿಯುವ ಮುನ್ನ ಮೇ ತಿಂಗಳಲ್ಲೊಮ್ಮೆ, ಹರಾಜಿನ ಸಾಗಾಟ ಶುರುವಾಗುವ ಮುನ್ನ ಆಗಸ್ಟ್ ಹೊತ್ತಿಗೊಮ್ಮೆ, ರಸ್ತೆಯ ಮೇಲಿನ ಒಕ್ಕಣೆ ಮುಗಿದ ಮೇಲೆ ಸಂಕ್ರಾಂತಿಯ ನಂತರ ಒಮ್ಮೆ. ಮೂರೂ ಸಲ ಬೇಕಾಗುವುದು ತಲಾ ಹತ್ತು ನಿಮಿಷ, ಒಂದು ಟಾರ್ಚು. ಆಗ ಕಂಡ ಬಿರುಕನ್ನು ಆಗಲೇ ಸರಿಪಡಿಸಿದರೆ ಕೆಲಸ ಅರ್ಧ ದಿನದ್ದು. ಬಿಟ್ಟು ಓಡಿಸಿದರೆ ಗಾಡಿ ನಿಲ್ಲುವ ದಿನವನ್ನೂ ಜಾಗವನ್ನೂ ಕೀಲು ಆರಿಸುತ್ತದೆ. ಅದು ರಾತ್ರಿ ಗೇಟು ಮುಚ್ಚುವ ನಾಗರಹೊಳೆಯ ಕಾಡಿನ ದಾರಿಯಲ್ಲಿ, ಬಾವಲಿಗೂ ಅಂತರಸಂತೆಗೂ ನಡುವೆ ಇದ್ದರೂ ಇದ್ದೀತು. ಗ್ಯಾರೇಜಿನವರಲ್ಲೂ ಒಂದು ಕೋರಿಕೆ. ಆಯಿಲ್ ಬದಲಿಸಲು ಬಂದ ಗಾಡಿಯ ಬೂಟುಗಳನ್ನು ಕೇಳದಿದ್ದರೂ ನೋಡಿ, ಹರಿದಿದ್ದರೆ ಮಾಲೀಕನನ್ನು ಕರೆದು ಬೆರಳಿಟ್ಟು ತೋರಿಸಿ. ಬಾಯಿಮಾತಿಗಿಂತ ಕಣ್ಣಿಗೆ ಕಂಡ ಕಪ್ಪು ಗ್ರೀಸನ್ನು ಜನ ಬೇಗ ನಂಬುತ್ತಾರೆ.

ಈ ಸಲ ಮೊದಲ ಬೇಲನ್ನು ಗಾಡಿಗೆ ಏರಿಸುವ ಮುಂಚೆ ಸ್ಟಿಯರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ, ಇಳಿದು, ಹೊರಕ್ಕೆ ಚಾಚಿದ ಚಕ್ರದ ಹಿಂದೆ ಟಾರ್ಚ್ ಹಿಡಿದು ನೋಡಿ. ಆಮೇಲೆ ಇನ್ನೊಂದು ಬದಿಗೆ ತಿರುಗಿಸಿ, ಆ ಕಡೆಯದನ್ನೂ ನೋಡಿ.